ಮಕಾವ್‌ನಿಂದ ಪೋರ್ಚುಗೀಸರು ಹೋದ ಮೇಲೆ ಅಲ್ಲಿ ಉಳಿದವರು ಯಾರು?

ಶಿವಮೊಗ್ಗದ ಓದುಗ:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಕಂಪನಿ ಕೆಲಸದ ಮೇಲೆ ಹಾಂಗ್‌ಕಾಂಗ್‌ಗೆ ಹೋಗುತ್ತಿದ್ದೇನೆ. ಶನಿವಾರ, ಭಾನುವಾರ ಬಿಡುವಿದೆ. ಮಕಾವ್‌ಗೂ ಹೋಗಿ ಬಾ ಅಂತ ಎಲ್ಲರೂ ಹೇಳುತ್ತಿದ್ದಾರೆ. ಆದರೆ ಹೇಳುವವರೆಲ್ಲ ಕ್ಯಾಸಿನೋ ಬಗ್ಗೆಯೇ ಮಾತಾಡುತ್ತಾರೆ. ನನಗೆ ಅದು ಬೇಡ.

ಪಿಯುಸಿಯಲ್ಲಿ ಇತಿಹಾಸ ಓದಿದ್ದೆ. ಅಫೀಮು ಯುದ್ಧ, ನಾನ್‌ಕಿಂಗ್ ಒಪ್ಪಂದ, ಐದು ಬಂದರು, ಇಷ್ಟು ನೆನಪಿದೆ. ಆ ಊರುಗಳಲ್ಲಿ ಬದುಕಿದ್ದ ಜನರ ಬಗ್ಗೆ ಪಾಠದಲ್ಲಿ ಏನೂ ಇರಲಿಲ್ಲ. ಹಾಂಗ್‌ಕಾಂಗನ್ನು ಬ್ರಿಟಿಷರು ಕಿತ್ತುಕೊಂಡ ಹಾಗೆಯೇ ಮಕಾವನ್ನು ಪೋರ್ಚುಗೀಸರು ಕಿತ್ತುಕೊಂಡರಾ? ಅಲ್ಲಿ ಬೆರಕೆ ಕುಲದ ಒಂದು ಸಮುದಾಯ ಇದೆ ಅಂತ ಕೇಳಿದ್ದೇನೆ. 1999ರಲ್ಲಿ ಊರು ಚೀನಾಕ್ಕೆ ವಾಪಸ್ ಹೋದ ಮೇಲೆ ಅವರೆಲ್ಲ ಏನಾದರು? ಆಗಿನ ಕಾಲದಲ್ಲಿ ನಮ್ಮ ಕಡೆಯ ಜನ ಯಾರಾದರೂ ಅಲ್ಲಿದ್ದರಾ? ಗೊತ್ತಿದ್ದವರು ದಯವಿಟ್ಟು ಸ್ವಲ್ಪ ವಿವರವಾಗಿ ಬರೆಯಿರಿ.

ಹಳೆ ನಾಣ್ಯ:

ಸರ್, ಮೊದಲು ಒಂದು ಚಿತ್ರ ತಲೆಯಲ್ಲಿ ಇಟ್ಟುಕೊಳ್ಳಿ. ಚೀನಾದ ಕರಾವಳಿಯ ವಿದೇಶಿ ನೆಲೆಗಳೆಲ್ಲ ಒಂದೇ ತರಹ ಇರಲಿಲ್ಲ. 1842ರ ಆಗಸ್ಟ್‌ನ ನಾನ್‌ಕಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ದ್ವೀಪ ಪೂರ್ತಿ ಬ್ರಿಟಿಷರ ಪಾಲಾಯಿತು. ಅದೇ ಒಪ್ಪಂದದಿಂದ ಕ್ಯಾಂಟನ್, ಅಮೋಯ್, ಫುಚೌ, ನಿಂಗ್‌ಬೋ, ಶಾಂಘೈ ಬಂದರುಗಳು ತೆರೆದವು. ಈ ಊರುಗಳು ಚೀನಾದವೇ. ಆದರೆ ಅಲ್ಲಿನ ಬ್ರಿಟಿಷರು ಚೀನೀ ಕಾನೂನಿನ ಕೈಗೆ ಸಿಗುತ್ತಿರಲಿಲ್ಲ. ಉಳಿದ ದೇಶದವರೂ ಬೇಗನೆ ಅದೇ ಹಕ್ಕು ಗಿಟ್ಟಿಸಿಕೊಂಡರು.

1897ರಲ್ಲಿ ಜರ್ಮನರು ಚಿಂಗ್‌ಡಾವ್ ಇರುವ ಜಿಯಾವ್‌ಜೌ ಕೊಲ್ಲಿಗೆ ನುಗ್ಗಿದರು. ಶಾಂಡಾಂಗ್‌ನಲ್ಲಿ ಇಬ್ಬರು ಜರ್ಮನ್ ಪಾದ್ರಿಗಳ ಕೊಲೆಯಾಗಿದ್ದು ಅವರಿಗೆ ನೆಪ. ಮರು ವರ್ಷ 99 ವರ್ಷದ ಗುತ್ತಿಗೆ ಬರೆಸಿಕೊಂಡರು. 1914ರಲ್ಲಿ ಜಪಾನ್ ಅದನ್ನು ಕಸಿದುಕೊಂಡಿತು. 1919ರಲ್ಲಿ ವರ್ಸೇಲ್ಸ್‌ನಲ್ಲಿ ಆ ಜಾಗ ಚೀನಾಕ್ಕೆ ಸಿಗಲಿಲ್ಲ ಅಂತಲೇ ಬೀಜಿಂಗ್‌ನ ವಿದ್ಯಾರ್ಥಿಗಳು ಮೇ 4ರಂದು ಬೀದಿಗಿಳಿದದ್ದು. ಇನ್ನು ಟಿಯಾಂಜಿನ್ ನೋಡಿ. ಒಂದೇ ಊರಿನಲ್ಲಿ ಬ್ರಿಟಿಷ್, ಫ್ರೆಂಚ್, ಜರ್ಮನ್, ಜಪಾನಿ, ರಷ್ಯನ್, ಇಟಾಲಿಯನ್, ಬೆಲ್ಜಿಯನ್, ಆಸ್ಟ್ರಿಯಾ-ಹಂಗೇರಿ, ಎಲ್ಲರಿಗೂ ಒಂದೊಂದು ತುಂಡು.

ಮಕಾವ್ ಇವೆಲ್ಲಕ್ಕಿಂತ ಸುಮಾರು 300 ವರ್ಷ ಹಳೆಯದು. ಅದರ ಕಥೆಯೇ ಬೇರೆ. ಕಾರವಾರದವಳು ಮೇಡಂ ಅಲ್ಲೇ ಹತ್ತಿರ ಇದ್ದಾರೆ. ಅವರು ಬರೆದರೆ ಚೆನ್ನಾಗಿರುತ್ತದೆ.

ಕಾರವಾರದವಳು:

ಹಳೆ ನಾಣ್ಯ ಅವರು ಕರೆದದ್ದಕ್ಕೆ ಬಂದೆ. ಉದ್ದ ಆಗಬಹುದು, ಓದಿ.

ಮದುವೆಯಾದ ಮೇಲೆ ನಾನು ಹಾಂಗ್‌ಕಾಂಗ್‌ಗೆ ಬಂದೆ. ಇಲ್ಲಿ ಹಡಗು ಸಾಗಣೆಯ ಒಂದು ಕಚೇರಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ನನ್ನ ಪಕ್ಕದ ಮೇಜಿನಲ್ಲಿ ಒಬ್ಬ ಹಿರಿಯ ಮಕಾನೀಸ್ ಹೆಂಗಸು, ಅಂದರೆ ನೀವು ಕೇಳಿದ ಆ ಬೆರಕೆ ಸಮುದಾಯದವರು, ಇದ್ದರು. ಈಗ ನಿವೃತ್ತರಾಗಿದ್ದಾರೆ. ಮೊದಲ ದಿನ ನನ್ನ ಊರು ಯಾವುದು ಅಂತ ಕೇಳಿದರು. ಗೋವಾದ ಪಕ್ಕ ಅಂದೆ. "ಹಾಗಾದರೆ ನಾವು ನೆಂಟರು" ಅಂದರು. ಸುಮ್ನೆ ಮಾತಿಗೆ ಹೇಳಿದ್ದಲ್ಲ ಅಂತ ಆಮೇಲೆ ತಿಳಿಯಿತು.

ಮೊದಲ ಪ್ರಶ್ನೆಗೆ ಉತ್ತರ: ಇಲ್ಲ, ಮಕಾವನ್ನು ಯುದ್ಧ ಮಾಡಿ ತೆಗೆದುಕೊಂಡಿದ್ದಲ್ಲ. ಸುಮಾರು 1557ರಲ್ಲಿ ಪೋರ್ಚುಗೀಸರು ಅಲ್ಲಿ ನೆಲೆ ನಿಂತರು. ಚೀನೀ ಅಧಿಕಾರಿಗಳು ಇರಲು ಬಿಟ್ಟರು, ಅಷ್ಟೇ. ನೆಲ ಬಾಡಿಗೆ ಅಂತ ವರ್ಷಕ್ಕೆ 500 ಟೇಲ್ (ಚೀನೀ ತೂಕ) ಬೆಳ್ಳಿ ಕಟ್ಟಬೇಕಿತ್ತು. ಈ ಬಾಡಿಗೆ 19ನೇ ಶತಮಾನದ ಮಧ್ಯದ ತನಕ ನಡೆಯಿತು. ಊರಿನಲ್ಲಿ ಚೀನಾದ ಸುಂಕದ ಕಟ್ಟೆ ಇತ್ತು. ಅಲ್ಲಿನ ಚೀನೀಯರ ನ್ಯಾಯ ತೀರ್ಮಾನ ಚೀನೀ ಅಧಿಕಾರಿಯದ್ದೇ. ಮಕಾವ್ ಒಂದು ಪುಟ್ಟ ಪರ್ಯಾಯ ದ್ವೀಪ. ಅದನ್ನು ಮುಖ್ಯ ನೆಲಕ್ಕೆ ಸೇರಿಸುವ ಇಕ್ಕಟ್ಟು ಜಾಗದಲ್ಲಿ ಚೀನೀಯರು ಗೋಡೆ ಕಟ್ಟಿ ಬಾಗಿಲು ಇಟ್ಟಿದ್ದರು. ಪೋರ್ಚುಗೀಸರು ತಕರಾರು ತೆಗೆದರೆ ಬಾಗಿಲು ಮುಚ್ಚುತ್ತಿತ್ತು. ಬಾಗಿಲು ಮುಚ್ಚಿದರೆ ಊರಿಗೆ ಅಕ್ಕಿ ಇಲ್ಲ. ಗೆದ್ದವರು, ಸೋತವರು ಅನ್ನುವ ಲೆಕ್ಕ ಇಲ್ಲಿ ಹೊಂದುವುದೇ ಇಲ್ಲ.

ಚೀನೀಯರು ಯಾಕೆ ಬಿಟ್ಟುಕೊಂಡರು ಅಂದರೆ, ಜಪಾನಿನ ಬೆಳ್ಳಿಗಾಗಿ. ಮಿಂಗ್ ಅರಸರು ತಮ್ಮ ವ್ಯಾಪಾರಿಗಳು ನೇರವಾಗಿ ಜಪಾನಿನ ಜೊತೆ ವ್ಯವಹಾರ ಮಾಡಬಾರದು ಅಂತ ಕಟ್ಟು ಮಾಡಿದ್ದರು. ಜಪಾನಿಗೆ ರೇಷ್ಮೆ ಬೇಕು, ಚೀನಾಕ್ಕೆ ಬೆಳ್ಳಿ ಬೇಕು. ನಡುವೆ ನಿಂತವರು ಪೋರ್ಚುಗೀಸರು. ಗೋವಾದಿಂದ ಹೊರಟ ದೊಡ್ಡ ಹಡಗು ಮಲಾಕ್ಕಾ ಮುಟ್ಟಿ, ಮಕಾವ್‌ಗೆ ಬಂದು, ರೇಷ್ಮೆ ತುಂಬಿಕೊಂಡು ನಾಗಸಾಕಿಗೆ ಹೋಗುತ್ತಿತ್ತು. ವಾಪಸ್ ಬರುವಾಗ ಬೆಳ್ಳಿ. ಮಕಾವ್ ಶ್ರೀಮಂತವಾದದ್ದು ಹೀಗೆ. 1639ರಲ್ಲಿ ಜಪಾನ್ ಪೋರ್ಚುಗೀಸರಿಗೆ ಬಾಗಿಲು ಹಾಕಿತು. ಮರು ವರ್ಷ ಮಕಾವ್‌ನವರು ಕೈ ಮುಗಿದು ಕೇಳಲು ನಿಯೋಗ ಕಳಿಸಿದರು. ಜಪಾನಿನವರು 60ಕ್ಕೂ ಹೆಚ್ಚು ಜನರ ತಲೆ ಕಡಿದರು. ಸುದ್ದಿ ಹೇಳಲಿ ಅಂತ ಕೆಲವರನ್ನು ಮಾತ್ರ ಬಿಟ್ಟು ಕಳಿಸಿದರು. ಆ ಏಟಿನಿಂದ ಊರು ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ.

ಈಗ ಜನರ ವಿಷಯ. ಪೋರ್ಚುಗಲ್‌ನಿಂದ ಹೆಂಗಸರು ಬರುತ್ತಿದ್ದದ್ದು ತೀರಾ ಕಡಿಮೆ. ಗಂಡಸರು ಗೋವಾದವರನ್ನು, ಮಲಾಕ್ಕಾದವರನ್ನು, ಜಪಾನಿನವರನ್ನು, ಆಮೇಲಾಮೇಲೆ ಚೀನೀ ಹೆಂಗಸರನ್ನು ಕಟ್ಟಿಕೊಂಡರು. ಕೊಂಡು ತಂದ ದಾಸಿಯರೂ ಇದ್ದರು. ಅದನ್ನು ಮುಚ್ಚಿಡಬಾರದು. ಇವರ ಮಕ್ಕಳು, ಮೊಮ್ಮಕ್ಕಳೇ ಮಕಾನೀಸರು. ಅವರು ತಮ್ಮನ್ನು ಮಣ್ಣಿನ ಮಕ್ಕಳು ಅಂತಲೇ ಕರೆದುಕೊಳ್ಳುತ್ತಾರೆ. ಧರ್ಮ ಕ್ಯಾಥೊಲಿಕ್. ಹೆಸರು ಪೋರ್ಚುಗೀಸ್. ಬೀದಿಯಲ್ಲಿ ಕ್ಯಾಂಟನೀಸ್ ನೀರು ಕುಡಿದ ಹಾಗೆ ಮಾತಾಡುತ್ತಾರೆ. ಆದರೆ ಹಿಂದಿನ ತಲೆಮಾರಿನ ಹೆಚ್ಚಿನವರಿಗೆ ಚೀನೀ ಓದಲು ಬರೆಯಲು ಬರುತ್ತಿರಲಿಲ್ಲ.

ಅವರ ಕೆಲಸವೂ ಹಾಗೆಯೇ, ನಡುವಿನ ಕೆಲಸ. ದುಭಾಷಿ, ಗುಮಾಸ್ತ, ಲೆಕ್ಕ ಬರೆಯುವವ, ಅಚ್ಚಿನ ಮನೆಯವ. ಹಾಂಗ್‌ಕಾಂಗ್ ಹುಟ್ಟಿದಾಗ ಅಲ್ಲಿಗೆ ಮೊದಲು ಬಂದವರಲ್ಲಿ ಇವರೂ ಸೇರಿದ್ದಾರೆ. ಡೆಲ್ಫಿನೋ ನೊರೊನ್ಹಾ ಅನ್ನುವ ಮಕಾನೀಸ್ ಮುದ್ರಕ 1844ರಲ್ಲಿ ಹಾಂಗ್‌ಕಾಂಗ್‌ಗೆ ಬಂದು ಅಚ್ಚಿನ ಮನೆ ತೆರೆದರು. ಮುಂದೆ ಬ್ರಿಟಿಷ್ ಸರ್ಕಾರದ ಗೆಜೆಟ್ಟೇ ಅವರ ಮನೆಯಲ್ಲಿ ಅಚ್ಚಾಯಿತು. ಅವರ ಮಗಳ ಮಗ ಜೆ. ಪಿ. ಬ್ರಾಗಾ 1929ರಲ್ಲಿ ಹಾಂಗ್‌ಕಾಂಗ್ ಶಾಸನ ಸಭೆಗೆ ನೇಮಕವಾದರು. ಅಲ್ಲಿ ಕುಳಿತ ಮೊದಲ ಪೋರ್ಚುಗೀಸ್ ಕುಲದವರು ಅವರೇ. ಕೌಲೂನ್‌ನಲ್ಲಿ ಅವರ ಹೆಸರಿನ ರಸ್ತೆ ಇದೆ.

ಇಷ್ಟು ಹೇಳಿದರೆ ಎಲ್ಲ ಚೆನ್ನಾಗಿತ್ತು ಅನ್ನಿಸುತ್ತದೆ, ಅಲ್ವಾ? ಇರಲಿಲ್ಲ. ನನ್ನ ಸಹೋದ್ಯೋಗಿಯ ತಂದೆ ಹಾಂಗ್‌ಕಾಂಗ್‌ನ ಒಂದು ಬ್ರಿಟಿಷ್ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಿದ್ದರು. ಇಂಗ್ಲೆಂಡಿನಿಂದ ಹೊಸ ಹುಡುಗರು ಬರುತ್ತಿದ್ದರಂತೆ. ಕೆಲಸ ಕಲಿಸುವವರು ಇವರು. ಕಲಿತ ಹುಡುಗ ಎರಡು ಮೂರು ವರ್ಷದಲ್ಲಿ ಇವರ ಮೇಲಧಿಕಾರಿ. ಮೇಲೆ ಬ್ರಿಟಿಷರು, ಕೆಳಗೆ ಚೀನೀಯರು, ನಡುವೆ ಇವರು. ಸಂಬಳವೂ ಹಾಗೆಯೇ ಮೂರು ಮೆಟ್ಟಿಲು. ಆ ಮಾತು ಹೇಳುವಾಗ ಅವರ ದನಿ ಏರುತ್ತಿತ್ತು. ತಂದೆ ತೀರಿಕೊಂಡು ಎಷ್ಟೋ ವರ್ಷವಾದರೂ ಆ ಸಿಟ್ಟು ಆರಿರಲಿಲ್ಲ.

1941ರ ಕ್ರಿಸ್‌ಮಸ್ ದಿನ ಹಾಂಗ್‌ಕಾಂಗ್ ಜಪಾನಿಗರ ಕೈಗೆ ಬಿತ್ತು. ಪೋರ್ಚುಗಲ್ ಯುದ್ಧದಲ್ಲಿ ತಟಸ್ಥ ದೇಶ. ಹಾಗಾಗಿ ಮಕಾವನ್ನು ಜಪಾನ್ ಆಕ್ರಮಿಸಲಿಲ್ಲ. ಹಾಂಗ್‌ಕಾಂಗ್‌ನ ಮಕಾನೀಸರು ಗುಂಪು ಗುಂಪಾಗಿ ಮಕಾವ್‌ಗೆ ಓಡಿ ಬಂದರು. ಅವರ ಜೊತೆ ಲಕ್ಷಗಟ್ಟಲೆ ಚೀನೀಯರೂ ಬಂದರು. ಊರಿಗೆ ಊರೇ ಹಸಿದಿತ್ತು. ಬೀದಿಯಲ್ಲಿ ಸತ್ತವರು ಎಷ್ಟೋ ಜನ. ನನ್ನ ಸಹೋದ್ಯೋಗಿಯ ತಾಯಿ ಆಗ ಚಿಕ್ಕ ಹುಡುಗಿ. ಅನ್ನದ ಗಂಜಿ ಕುಡಿದೇ ಬದುಕಿದ್ದು ಅಂತ ಹೇಳುತ್ತಿದ್ದರಂತೆ. ಆ ಮನೆಯಲ್ಲಿ ಇವತ್ತಿಗೂ ಒಂದು ಅಗುಳು ಅನ್ನ ಬಿಸಾಡುವುದಿಲ್ಲ.

1999ರ ಡಿಸೆಂಬರ್ 20ಕ್ಕೆ ಪೋರ್ಚುಗೀಸ್ ಬಾವುಟ ಇಳಿಯಿತು. ಅದಕ್ಕೂ ಮುಂಚೆಯೇ ತುಂಬಾ ಜನ ಪೋರ್ಚುಗಲ್, ಬ್ರೆಜಿಲ್, ಕೆನಡಾ, ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯಾ ಅಂತ ಚದುರಿ ಹೋಗಿದ್ದರು. ಈಗ ಮಕಾವ್‌ನಲ್ಲಿ ಇರುವವರು ಕೆಲವೇ ಸಾವಿರ. ಊರು ತುಂಬಾ ಚೀನೀಯರೇ. ಆದರೆ ಪೋರ್ಚುಗೀಸ್ ಇನ್ನೂ ಅಧಿಕೃತ ಭಾಷೆ. ಕಾನೂನು ಪುಸ್ತಕ ಪೋರ್ಚುಗೀಸ್ ಮಾದರಿಯದು. ಎರಡೂ ಭಾಷೆ ಬಲ್ಲ ಮಕಾನೀಸ್ ವಕೀಲರಿಗೆ, ಸರ್ಕಾರಿ ನೌಕರರಿಗೆ ಇನ್ನೂ ಕೆಲಸ ಇದೆ.

ನನಗೆ ಒಂದು ಮಾತು ಗಟ್ಟಿಯಾಗಿ ಹೇಳಬೇಕಿದೆ. ಪ್ರವಾಸದ ಲೇಖನಗಳಲ್ಲಿ ಇವರನ್ನು ಪೋರ್ಚುಗೀಸರು ಬಿಟ್ಟು ಹೋದ ಪಳೆಯುಳಿಕೆ ಅನ್ನುವ ಹಾಗೆ ಬರೆಯುತ್ತಾರೆ. ಅದು ಅನ್ಯಾಯ. ಆಳುವವರು ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಗವರ್ನರ್ ಬರುತ್ತಿದ್ದ, ಹೋಗುತ್ತಿದ್ದ. ಇವರು 400 ವರ್ಷ ಅಲ್ಲೇ ಹುಟ್ಟಿ ಅಲ್ಲೇ ಮಣ್ಣಾದವರು. ವಾಪಸ್ ಹೋಗಲು ಇವರಿಗೆ ಬೇರೆ ಊರೇ ಇರಲಿಲ್ಲ. ನೀವು ಕೇಳಿದ್ದೀರಲ್ಲ, ಉಳಿದವರು ಯಾರು ಅಂತ. ಮೊದಲಿನಿಂದಲೂ ಅಲ್ಲಿನವರೇ ಆಗಿದ್ದವರು ಉಳಿದರು.

ಶಿವಮೊಗ್ಗದ ಓದುಗ:

ಮೇಡಂ, ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. 500 ಟೇಲ್ ಬಾಡಿಗೆಯ ವಿಷಯ ನಿಜವಾಗಲೂ ಗೊತ್ತಿರಲಿಲ್ಲ. ಅದು ನಿಂತದ್ದು ಹೇಗೆ? ಮತ್ತೆ "ನಾವು ನೆಂಟರು" ಅಂದರು ಅಂತ ಬರೆದಿದ್ದೀರಿ. ಗೋವಾದ ನಂಟು ಎಷ್ಟು ಗಟ್ಟಿ?

ಕಾರವಾರದವಳು:

ಬಾಡಿಗೆ ನಿಲ್ಲಿಸಿದವರು ಫೆರೇರಾ ದೊ ಅಮರಾಲ್ ಅನ್ನುವ ಗವರ್ನರ್. 1846ರಲ್ಲಿ ಬಂದರು. ಪಕ್ಕದಲ್ಲಿ ಬ್ರಿಟಿಷರು ಹಾಂಗ್‌ಕಾಂಗ್ ಪಡೆದದ್ದನ್ನು ನೋಡಿ, ಮಕಾವನ್ನೂ ಪೂರ್ತಿ ವಸಾಹತು ಮಾಡಬೇಕು ಅಂತ ಹೊರಟರು. ಬಾಡಿಗೆ ನಿಲ್ಲಿಸಿದರು. ಚೀನಾದ ಸುಂಕದ ಕಟ್ಟೆ ಎಬ್ಬಿಸಿದರು. ಚೀನೀಯರ ಮೇಲೆ ತೆರಿಗೆ ಹಾಕಿದರು. ರಸ್ತೆ ಮಾಡಲು ಅವರ ಸಮಾಧಿಗಳನ್ನೂ ಕೆಡವಿಸಿದರು. 1849ರ ಆಗಸ್ಟ್ 22ರಂದು ಗಡಿ ಬಾಗಿಲ ಹತ್ತಿರ ಕೆಲವು ಚೀನೀಯರು ಅವರನ್ನು ಕೊಂದರು. ಮೂರು ದಿನದ ಮೇಲೆ ಮೆಸ್ಕಿಟಾ ಅನ್ನುವ ಸೇನಾಧಿಕಾರಿ ಗಡಿಯಾಚೆಯ ಚೀನೀ ಕೋಟೆಯನ್ನು ಹಿಡಿದ. ಆತ ಮಕಾವ್‌ನಲ್ಲೇ ಹುಟ್ಟಿದ ಮಕಾನೀಸ್. 1887ರಲ್ಲಿ ಚೀನಾ ಒಪ್ಪಂದಕ್ಕೆ ಸಹಿ ಹಾಕಿ ಪೋರ್ಚುಗೀಸ್ ಆಳ್ವಿಕೆಯನ್ನು ಒಪ್ಪಿಕೊಂಡಿತು.

ಇಬ್ಬರ ಪ್ರತಿಮೆಗಳೂ ಊರಿನಲ್ಲಿ ನಿಂತಿದ್ದವು. ಮೆಸ್ಕಿಟಾ ಪ್ರತಿಮೆಯನ್ನು 1966ರ ಡಿಸೆಂಬರ್ 3ರ ಗಲಭೆಯಲ್ಲಿ ಜನ ಎಳೆದು ಬೀಳಿಸಿದರು. ಅಮರಾಲ್ ಪ್ರತಿಮೆಯನ್ನು 1992ರಲ್ಲಿ ತೆಗೆದು ಲಿಸ್ಬನ್‌ಗೆ ಸಾಗಿಸಿದರು. ಹಸ್ತಾಂತರಕ್ಕೆ ಮುಂಚೆ ಅದು ಹೋಗಬೇಕು ಅಂತ ಚೀನಾ ಪಟ್ಟು ಹಿಡಿದಿತ್ತು. ಸಮಾಧಿ ಕಳೆದುಕೊಂಡವರ ಕಡೆಯಿಂದ ನೋಡಿದರೆ ಆ ಪಟ್ಟು ನನಗೆ ಸರಿ ಅನ್ನಿಸುತ್ತದೆ.

ಮಕಾವ್‌ನ ಇನ್ನೊಂದು ಕಪ್ಪು ಅಧ್ಯಾಯ ಕೂಲಿ ಸಾಗಣೆ. 19ನೇ ಶತಮಾನದ ಮಧ್ಯದಲ್ಲಿ ಚೀನೀ ಕೂಲಿಗಳನ್ನು ಅಲ್ಲಿಂದ ಹಡಗಿನಲ್ಲಿ ತುಂಬಿ ಕ್ಯೂಬಾ, ಪೆರುಗಳಿಗೆ ಕಳಿಸುತ್ತಿದ್ದರು. ಮೋಸ ಮಾಡಿ, ಅಪಹರಿಸಿ ತಂದವರೂ ಅದರಲ್ಲಿದ್ದರು. ಹಡಗು ಹೊರಡುವ ತನಕ ದೊಡ್ಡಿಗಳಲ್ಲಿ ಕೂಡಿಹಾಕುತ್ತಿದ್ದರು. ಅದು ನಿಂತದ್ದು 1874ರಲ್ಲಿ.

ಇನ್ನು ಗೋವಾ. 1844ರ ತನಕ ಮಕಾವ್ ಇದ್ದದ್ದು ಗೋವಾದ ಆಡಳಿತದ ಕೆಳಗೆ. ಗವರ್ನರ್ ಆದೇಶ ಗೋವಾದಿಂದ. ದೊಡ್ಡ ವ್ಯಾಜ್ಯದ ಅಪೀಲು ಗೋವಾಕ್ಕೆ. ಪೋರ್ಚುಗೀಸರ ದೃಷ್ಟಿಯಲ್ಲಿ ನಮ್ಮ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳೂ, ಅಷ್ಟು ದೂರದ ಮಕಾವೂ ಒಂದೇ ರಾಜ್ಯದ ತುಂಡುಗಳು. ಕಾರವಾರದ ಎದುರಿನ ಅಂಜುದೀವ್ ದ್ವೀಪ 1961ರ ತನಕ ಅವರ ಕೈಯಲ್ಲೇ ಇತ್ತಲ್ಲ. ನಮ್ಮ ದಂಡೆಯಿಂದ ಕಾಣುವ ಆ ಗುಡ್ಡದ ಮೇಲಿನ ಬಾವುಟವೂ ಮಕಾವ್‌ನ ಬಾವುಟವೂ ಒಂದೇ.

ಸೇಂಟ್ ಫ್ರಾನ್ಸಿಸ್ ಝೇವಿಯರ್ ಕಥೆ ನಿಮಗೆ ಗೊತ್ತಿರುತ್ತದೆ. ಚೀನಾದ ಒಳಗೆ ಹೋಗಬೇಕು ಅಂತ ಕಾಯುತ್ತಾ 1552ರಲ್ಲಿ ಗುವಾಂಗ್‌ಡಾಂಗ್ ದಂಡೆಯ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡರು. ದೇಹ ಮಲಾಕ್ಕಾ ಮೂಲಕ ಗೋವಾಕ್ಕೆ ಬಂತು. ಹಳೆ ಗೋವಾದಲ್ಲಿ ದರ್ಶನಕ್ಕೆ ಇಡುವಾಗ ನಮ್ಮ ಊರಿನಿಂದ ಹಿಂದೂಗಳೂ ಬಸ್ಸು ಮಾಡಿಕೊಂಡು ಹೋಗುತ್ತಾರೆ. ಅದೇ ಸಂತರ ತೋಳಿನ ಮೂಳೆಯ ಒಂದು ಭಾಗ ಮಕಾವ್‌ನಲ್ಲಿದೆ.

ನೀವು ತಪ್ಪದೇ ನೋಡಬೇಕಾದ ಕಟ್ಟಡ ಒಂದಿದೆ. ಬಾರ್ರಾ ಗುಡ್ಡದ ಇಳಿಜಾರಿನಲ್ಲಿ, ಆ-ಮಾ ದೇವಸ್ಥಾನದಿಂದ ಸ್ವಲ್ಪ ಮೇಲೆ. ಹೆಸರು ಮೂರಿಶ್ ಬ್ಯಾರಕ್, ಅಂದರೆ 'ಮೂರ್' ಜನರ (ಪೋರ್ಚುಗೀಸರು ಮುಸ್ಲಿಮರಿಗೆ ಹೇಳುತ್ತಿದ್ದ ಹೆಸರು) ಬ್ಯಾರಕ್. 1874ರಲ್ಲಿ ಗೋವಾದಿಂದ ಬಂದ ಭಾರತೀಯ ಪಡೆಗೆ ಇರಲು ಕಟ್ಟಿದ್ದು. ಮಕಾವ್ ಪೊಲೀಸರಿಗೆ ಬಲ ಸಾಲದೆ ಅವರನ್ನು ಕರೆಸಿದ್ದರು. ಕಲ್ಲಿನ ಎತ್ತರದ ಜಗಲಿ. ಅದರ ಮೇಲೆ ಹಳದಿ ಗೋಡೆ, ಬಿಳಿ ಅಂಚು. ಸುತ್ತ ಅಗಲವಾದ ವೆರಾಂಡಾ, ಮೇಲೆ ಚೂಪು ಕಮಾನುಗಳ ಸಾಲು. ಮೊದಲ ಸಲ ನೋಡಿದಾಗ ಬಿಜಾಪುರದ ಕಡೆಯ ಯಾವುದೋ ಹಳೆ ಕಚೇರಿ ಎದುರು ಬಂದ ಹಾಗಾಯಿತು. ಈಗ ಅಲ್ಲಿ ಬಂದರು ಇಲಾಖೆಯ ಆಫೀಸು. ವೆರಾಂಡಾದಲ್ಲಿ ಓಡಾಡಬಹುದು. ಮಧ್ಯಾಹ್ನದ ಸೆಕೆಯಲ್ಲೂ ಅಲ್ಲಿ ಗಾಳಿ ಇರುತ್ತದೆ. ಊರು ಬಿಟ್ಟು ಬಂದ ಆ ಸಿಪಾಯಿಗಳು ಸಂಜೆ ಅಲ್ಲೇ ಕೂರುತ್ತಿದ್ದಿರಬೇಕು. ಅವರ ಹೆಸರಿನ ಒಂದು ಪಟ್ಟಿಯಾದರೂ ಗೋಡೆಯ ಮೇಲೆ ಇರಬೇಕಿತ್ತು ಅಂತ ನನಗೆ ಪ್ರತಿ ಸಲವೂ ಅನ್ನಿಸುತ್ತದೆ.

ಹಳೆ ನಾಣ್ಯ:

ಸಿಪಾಯಿಗಳ ಮಾತು ಬಂತಲ್ಲ, ಶಾಂಘೈ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. 1863ರಲ್ಲಿ ಬ್ರಿಟಿಷ್, ಅಮೆರಿಕನ್ ಭಾಗ ಸೇರಿ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ ಆಯಿತು. ಫ್ರೆಂಚರದ್ದು ಬೇರೆ. 1930ರ ದಶಕದಲ್ಲಿ ಸೆಟಲ್‌ಮೆಂಟ್‌ನಲ್ಲಿ 10 ಲಕ್ಷಕ್ಕೂ ಹೆಚ್ಚು ಚೀನೀಯರಿದ್ದರು. ವಿದೇಶಿಯರು 40 ಸಾವಿರದ ಒಳಗೆ. ಆದರೂ ನಗರಸಭೆ ವಿದೇಶಿಯರದ್ದು. ಚೀನೀಯರು ತೆರಿಗೆ ಕಟ್ಟಬೇಕು, ಸಭೆಯಲ್ಲಿ ಮಾತ್ರ 1928ರ ತನಕ ಜಾಗ ಇಲ್ಲ. ನದಿ ದಂಡೆಯ ಪಾರ್ಕಿಗೂ 1928ರ ತನಕ ಪ್ರವೇಶ ಇರಲಿಲ್ಲ.

1880ರ ದಶಕದಿಂದ ಅಲ್ಲಿ ಸಿಖ್ ಪೊಲೀಸರಿದ್ದರು. ಪಂಜಾಬಿನಿಂದ ಕರೆತಂದವರು. 1908ರಲ್ಲಿ ಅವರಿಗಾಗಿ ಗುರುದ್ವಾರ ಕಟ್ಟಿದರು. ಕಟ್ಟಡ ಈಗಲೂ ಇದೆ, ಗುರುದ್ವಾರವಾಗಿ ಅಲ್ಲ. 1925ರ ಮೇ 30ರಂದು ನಾನ್‌ಕಿಂಗ್ ರಸ್ತೆಯಲ್ಲಿ ಪ್ರತಿಭಟನೆ ಮಾಡುತ್ತಿದ್ದವರ ಮೇಲೆ ಗುಂಡು ಹಾರಿತು. ಆದೇಶ ಬ್ರಿಟಿಷ್ ಇನ್ಸ್‌ಪೆಕ್ಟರ್‌ದು. ಬಂದೂಕು ಹಿಡಿದವರು ಸಿಖ್ ಮತ್ತು ಚೀನೀ ಪೇದೆಗಳು. ಸತ್ತವರು ಹತ್ತಕ್ಕೂ ಹೆಚ್ಚು. ಇನ್ನೊಂದು ಕಡೆ ಬ್ರಿಟಿಷ್ ಆಳ್ವಿಕೆಯ ವಿರುದ್ಧದ ಗದರ್ ಚಳವಳಿಯ ಭಾರತೀಯರೂ ಅದೇ ಊರಿನಲ್ಲಿದ್ದರು. ಬ್ರಿಟಿಷರಿಗೆ ನಿಷ್ಠನಾಗಿದ್ದ ಪೊಲೀಸ್ ಜಮಾದಾರ ಬುದ್ಧ ಸಿಂಗ್ ಅವರನ್ನು 1927ರ ಏಪ್ರಿಲ್‌ನಲ್ಲಿ ಗುಂಡಿಕ್ಕಿ ಕೊಂದರು.

ನನ್ನ ಅಭಿಪ್ರಾಯ ಕೇಳಿದರೆ, ಆ ಪೇದೆಗಳನ್ನು ಬೈಯುವುದು ತಪ್ಪು. ಹೊಟ್ಟೆಪಾಡಿಗೆ ಬಂದವರು.

ಕಾರವಾರದವಳು:

ಹೊಟ್ಟೆಪಾಡು ನಿಜ. ಬೈಯುವುದು ಬೇಡ, ಒಪ್ಪುತ್ತೇನೆ. ಆದರೆ ಅಲ್ಲಿಗೇ ಬಿಡಬಾರದು. ಭಾರತದವರು ಈ ಕಥೆಯಲ್ಲಿ ಬರೀ ನೊಂದವರಲ್ಲ, ಬರೀ ನೋಡುತ್ತಾ ನಿಂತವರೂ ಅಲ್ಲ. ಮಾಳವದ ಅಫೀಮು ಬ್ರಿಟಿಷರ ಕಣ್ಣು ತಪ್ಪಿಸಿ ಸಿಂಧ್ ಮೂಲಕ ಪೋರ್ಚುಗೀಸರ ದಮನ್ ಬಂದರಿಗೆ ಬರುತ್ತಿತ್ತು. ಅಲ್ಲಿಂದ ಪೋರ್ಚುಗೀಸ್ ಬಾವುಟದ ಕೆಳಗೆ ಮಕಾವ್‌ಗೆ. 1843ರಲ್ಲಿ ಬ್ರಿಟಿಷರು ಸಿಂಧ್ ಹಿಡಿದ ಮೇಲೆಯೇ ಆ ದಾರಿ ಕಟ್ಟಿಹೋದದ್ದು. ಅದರಲ್ಲಿ ದುಡ್ಡು ಮಾಡಿದವರಲ್ಲಿ ಬೊಂಬಾಯಿಯ ಪಾರ್ಸಿಗಳು, ಗುಜರಾತಿಗಳು, ಮಾರವಾಡಿಗಳು ಎಲ್ಲರೂ ಇದ್ದರು. ಜೆಮ್‌ಶೆಟ್‌ಜಿ ಜೀಜಿಭಾಯ್ ಅನ್ನುವ ಪಾರ್ಸಿ ವ್ಯಾಪಾರಿ ಬೊಂಬಾಯಿಯಲ್ಲಿ ಕಟ್ಟಿಸಿದ ಆಸ್ಪತ್ರೆಯನ್ನು ಹೊಗಳುವಾಗ ಆ ದುಡ್ಡಿನ ಒಂದು ಭಾಗ ಎಲ್ಲಿಂದ ಬಂತು ಅನ್ನುವುದನ್ನೂ ಹೇಳಬೇಕು. ಕ್ಯಾಂಟನ್‌ನ ಕಡೆಯಲ್ಲಿ ಎಷ್ಟು ಮನೆ ಹಾಳಾದವೋ. ಮೈಸೂರು ಸೀಮೆಯ ಶ್ರೀಗಂಧವೂ ಆ ಕಾಲದಲ್ಲಿ ಚೀನಾಕ್ಕೆ ಹೋಗುತ್ತಿತ್ತು. ಅದು ಕಂಪನಿಯ ವ್ಯಾಪಾರ, ಅದರಿಂದ ಯಾರಿಗೂ ಕೇಡಾಗಲಿಲ್ಲ. ಆದರೂ ಹಡಗಿನ ದಾರಿ ಅದೇ.

ಮಕಾವ್‌ನ ಗುಯಾ ಗುಡ್ಡದ ಇಳಿಜಾರಿನಲ್ಲಿ ಪಾರ್ಸಿಗಳ ಸ್ಮಶಾನ ಇದೆ. 1829ರಿಂದಿನದು. ಅಲ್ಲಿ ಅವರಿಗೆ ದಖ್ಮಾ (ಹೆಣವನ್ನು ಹದ್ದುಗಳಿಗೆ ಇಡುವ ಗೋಪುರ) ಇರಲಿಲ್ಲ. ಹಾಗಾಗಿ ಹೂಳಬೇಕಾಯಿತು. ಬೆಟ್ಟದ ಮೆಟ್ಟಿಲು ಮೆಟ್ಟಿಲಾಗಿ ಕಲ್ಲಿನ ಸಮಾಧಿಗಳು. ಸತ್ತ ಮೇಲೂ ತಮ್ಮ ಪದ್ಧತಿ ಸಿಗದ ಊರಿಗೆ ದುಡ್ಡಿಗಾಗಿ ಬಂದವರು ಅವರು.

ಹೂಳುವ ಜಾಗದ ಮಾತು ಬಂದದ್ದರಿಂದ ಇನ್ನೊಂದು ಹೇಳುತ್ತೇನೆ. ಹಳೆ ಪ್ರಾಟೆಸ್ಟಂಟ್ ಸ್ಮಶಾನವನ್ನೂ ನೋಡಿ. ಬೈಬಲ್ಲನ್ನು ಚೀನೀ ಭಾಷೆಗೆ ತಂದ ರಾಬರ್ಟ್ ಮಾರಿಸನ್ ಅವರ ಹೆಂಡತಿ ಮೇರಿ 1821ರಲ್ಲಿ ತೀರಿಕೊಂಡರು. ಕ್ಯಾಥೊಲಿಕರು ತಮ್ಮ ನೆಲದಲ್ಲಿ ಪ್ರಾಟೆಸ್ಟಂಟರನ್ನು ಹೂಳಲು ಬಿಡುತ್ತಿರಲಿಲ್ಲ. ಚೀನೀಯರೂ ಬಿಡುತ್ತಿರಲಿಲ್ಲ. ಕೊನೆಗೆ ಈಸ್ಟ್ ಇಂಡಿಯಾ ಕಂಪನಿ ಈ ಜಾಗ ಕೊಂಡಿತು. ಮಾರಿಸನ್ ಕೂಡ ಅಲ್ಲೇ ಇದ್ದಾರೆ. ಮದ್ರಾಸ್, ಕಲ್ಕತ್ತಾಗಳಲ್ಲಿ ಚಿತ್ರ ಬರೆದು, ಆಮೇಲೆ 1825ರಿಂದ ಸಾಯುವ ತನಕ ಮಕಾವ್‌ನಲ್ಲೇ ಇದ್ದ ಜಾರ್ಜ್ ಚಿನ್ನರಿ ಸಮಾಧಿಯೂ ಅಲ್ಲಿದೆ. ಆ ಕಾಲದಲ್ಲಿ ವಿದೇಶಿ ಹೆಂಗಸರು ಕ್ಯಾಂಟನ್‌ಗೆ ಕಾಲಿಡುವ ಹಾಗಿರಲಿಲ್ಲ. ಗಂಡಂದಿರು ಕ್ಯಾಂಟನ್‌ನಲ್ಲಿ, ಹೆಂಡತಿ ಮಕ್ಕಳು ಮಕಾವ್‌ನಲ್ಲಿ. ಹ್ಯಾರಿಯೆಟ್ ಲೋ ಅನ್ನುವ ಅಮೆರಿಕನ್ ಹುಡುಗಿ 1830ರಲ್ಲಿ ಹೇಗೋ ಕ್ಯಾಂಟನ್ ನೋಡಿ ಬಂದಳು. ವಿಷಯ ತಿಳಿದ ಅಧಿಕಾರಿಗಳು ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ ಬೆದರಿಸಿದರು. ಆಕೆ ಹೊರಡಬೇಕಾಯಿತು.

ಪಡುಬಿದ್ರಿ ಪಾಕಶಾಲೆ:

ನಾನು ಅಡುಗೆಯವಳು, ಇತಿಹಾಸ ಅಷ್ಟಾಗಿ ಗೊತ್ತಿಲ್ಲ. ಅಕ್ಕ, ಈ ಮಕಾನೀಸರ ಅಡುಗೆ ಹೇಗಿರುತ್ತದೆ? ಗೋವಾ ನಂಟು ಇದ್ದರೆ ನಮ್ಮ ಕರಾವಳಿಯ ರುಚಿ ಏನಾದರೂ ಸಿಗುತ್ತದಾ? ಎಗ್ ಟಾರ್ಟ್ ಫೇಮಸ್ ಅಂತ ಮಾತ್ರ ಗೊತ್ತು.

ಕಾರವಾರದವಳು:

ಎಗ್ ಟಾರ್ಟ್ ರುಚಿಯಾಗಿದೆ, ತಿನ್ನಿ. ಆದರೆ ಈಗ ಪ್ರಸಿದ್ಧವಾಗಿರುವ ಮಕಾವ್ ಟಾರ್ಟನ್ನು ಶುರು ಮಾಡಿದವರು ಆಂಡ್ರ್ಯೂ ಸ್ಟೋ ಅನ್ನುವ ಇಂಗ್ಲಿಷಿನವರು, 1989ರಲ್ಲಿ, ಕೊಲೋನ್ ಹಳ್ಳಿಯಲ್ಲಿ. ಮಕಾನೀಸರ ಮನೆಯ ಹಳೆ ತಿಂಡಿ ಅದಲ್ಲ.

ಅವರ ಮನೆ ಅಡುಗೆ ಅಂದರೆ ಮಿಂಚಿ. ನನ್ನ ಸಹೋದ್ಯೋಗಿ ತಮ್ಮ ಮನೆಯಲ್ಲಿ ನನಗೆ ಕಲಿಸಿಕೊಟ್ಟರು. ಆಲೂಗಡ್ಡೆಯನ್ನು ಬೆರಳಿನ ಗೆಣ್ಣಿನ ಅರ್ಧದಷ್ಟು ಚೌಕ ಹೆಚ್ಚಿ, ಒರೆಸಿ, ಕರಿದು ಪಕ್ಕಕ್ಕೆ ಇಡಬೇಕು. ಬಾಣಲೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ ಖೀಮಾ ಹಾಕಬೇಕು. ಅವರು ಹಂದಿ, ದನ ಎರಡೂ ಬೆರೆಸುತ್ತಾರೆ. ನನಗೆ ಕೋಳಿಯಲ್ಲಿ ಮಾಡಿಕೊಟ್ಟರು. ನೀರು ಪೂರ್ತಿ ಆರುವ ತನಕ ಕೈ ಬಿಡದೆ ಹುರಿಯಬೇಕು. ಅಲ್ಲಿ ಅವಸರ ಮಾಡಿದರೆ ಕೆಡುತ್ತದೆ. ಆಮೇಲೆ ತಿಳಿ ಸೋಯಾ ಸಾಸ್, ಕಪ್ಪು ಸೋಯಾ ಸಾಸ್, ಚಿಟಿಕೆ ಸಕ್ಕರೆ, ಕಾಳುಮೆಣಸಿನ ಪುಡಿ. ಇಳಿಸುವ ಮೊದಲು ಆಲೂಗಡ್ಡೆ ಬೆರೆಸಿ, ಬಿಸಿ ಅನ್ನದ ಮೇಲೆ ಹಾಕಿ, ಮೇಲೆ ಒಂದು ಹುರಿದ ಮೊಟ್ಟೆ. ಹಳದಿ ಒಡೆದು ಕಲಸಿ ತಿನ್ನಬೇಕು. ಪ್ರತಿ ಮನೆಯ ಮಿಂಚಿಯೂ ಬೇರೆ. ಪಕ್ಕದ ಮನೆಯದು ಸರಿ ಇಲ್ಲ ಅಂತ ಪ್ರತಿಯೊಬ್ಬರೂ ಹೇಳುತ್ತಾರೆ.

ನಿಮಗೆ ಪರಿಚಯದ ರುಚಿ ಬೇಕಾದರೆ ಬಾಲಿಶಾವ್ ಕೇಳಿ. ಚಿಕ್ಕ ಸೀಗಡಿಯನ್ನು ಉಪ್ಪು, ಮಸಾಲೆ, ಮದ್ಯ ಹಾಕಿ ಹುಳಿ ಬರಿಸಿ ಇಡುವುದು. ಗೋವಾದ ಸೀಗಡಿ ಬಾಲ್ಶಾವ್ ತಿಂದವರಿಗೆ ಮೊದಲ ತುತ್ತಿಗೇ ಗೊತ್ತಾಗುತ್ತದೆ. ಅರಿಶಿನ, ತೆಂಗಿನ ಹಾಲು ಹಾಕಿದ ಪಲ್ಯ, ಸಾರುಗಳೂ ಇವೆ. ಚೀನೀ ನೆಲದಲ್ಲಿ ಅರಿಶಿನ ಹಾಕಿ ಅಡುಗೆ ಮಾಡುವ ಮನೆ ಅಂದರೆ ಇವರದ್ದೇ. ಬೆಬಿಂಕಾ ಅನ್ನುವ ಸಿಹಿಯೂ ಇದೆ. ಗೋವಾದ ಹಾಗೆ ಪದರ ಪದರವಾಗಿ ಅಲ್ಲ, ತೆಂಗಿನ ಹಾಲಿನಲ್ಲಿ ಮಾಡಿದ ಮೆತ್ತಗಿನ ಹಾಲುಬಾಯಿ ತರಹ.

ಶಿವಮೊಗ್ಗದ ಓದುಗ:

ಎಲ್ಲರಿಗೂ ಮತ್ತೊಮ್ಮೆ ಧನ್ಯವಾದ. ಶನಿವಾರ ಬೆಳಿಗ್ಗೆ ಹೋಗಿ ಭಾನುವಾರ ಸಂಜೆ ವಾಪಸ್ ಅಂತ ಯೋಚನೆ. ಮೇಡಂ, ಯಾವ ಕ್ರಮದಲ್ಲಿ ನೋಡಲಿ? ಮತ್ತೆ ಅವರದ್ದೇ ಒಂದು ಭಾಷೆ ಇದೆ ಅಂತಾರಲ್ಲ, ಅದನ್ನು ಎಲ್ಲಾದರೂ ಕೇಳಲು ಸಿಗುತ್ತದಾ?

ಕಾರವಾರದವಳು:

ಹಾಂಗ್‌ಕಾಂಗ್‌ನ ಶಂಗ್ ವಾನ್‌ನಿಂದ ಫೆರ್ರಿ ಹಿಡಿಯಿರಿ, ಸುಮಾರು ಒಂದು ಗಂಟೆ. 2018ರಲ್ಲಿ ತೆರೆದ 55 ಕಿಲೋಮೀಟರ್ ಉದ್ದದ ಸೇತುವೆ ಮೇಲೆ ಬಸ್ಸೂ ಇದೆ. ಆದರೆ ಊರನ್ನು ಸಮುದ್ರದ ಕಡೆಯಿಂದ ನೋಡುತ್ತಾ ಬರುವುದೇ ಸರಿ. ಹೊರಡುವ ಮೊದಲು ವೀಸಾ ನಿಯಮ ನೋಡಿಕೊಳ್ಳಿ. ಅದು ಆಗಾಗ ಬದಲಾಗುತ್ತದೆ.

ಶನಿವಾರ ಆ-ಮಾ ದೇವಸ್ಥಾನದಿಂದ ಶುರು ಮಾಡಿ. ಪೋರ್ಚುಗೀಸರು ಬರುವ ಮೊದಲೇ ಮೀನುಗಾರರು ಕೈ ಮುಗಿಯುತ್ತಿದ್ದ ಜಾಗ ಅದು. ಅಲ್ಲಿಂದ ಮೂರಿಶ್ ಬ್ಯಾರಕ್, ಹಾಗೆಯೇ ನಡೆಯುತ್ತಾ ಸೆನಾಡೋ ಚೌಕ. ದಾರಿಯಲ್ಲಿ ರಸ್ತೆಯ ಹೆಸರುಗಳನ್ನು ನೋಡಿ. ನೀಲಿ ಬಿಳಿ ಹೆಂಚಿನ ಮೇಲೆ ಚೀನೀ, ಪೋರ್ಚುಗೀಸ್ ಎರಡರಲ್ಲೂ ಬರೆದಿರುತ್ತಾರೆ. ಸೇಂಟ್ ಪಾಲ್ ಇಗರ್ಜಿಗೆ ಸಂಜೆ ಹೋಗಿ. 1835ರ ಬೆಂಕಿಯಲ್ಲಿ ಸುಟ್ಟು ಮುಂದಿನ ಗೋಡೆ ಮಾತ್ರ ಉಳಿದಿದೆ. ಊರಿನಿಂದ ಓಡಿ ಬಂದಿದ್ದ ಜಪಾನಿ ಕ್ರೈಸ್ತ ಕುಶಲಕರ್ಮಿಗಳೂ ಅದರ ಕೆತ್ತನೆಯಲ್ಲಿ ಕೈ ಹಾಕಿದ್ದಾರೆ. ಜನಜಂಗುಳಿ ಇರುತ್ತದೆ. ಆದರೂ ಕಣ್ಣೆತ್ತಿ ಗೋಡೆಯ ಬದಿಯಲ್ಲಿರುವ ಚೀನೀ ಅಕ್ಷರಗಳನ್ನೂ, ಚೀನೀ ಸಿಂಹಗಳನ್ನೂ ಹುಡುಕಿ. ಭಾನುವಾರ ಬೆಳಿಗ್ಗೆ ಪ್ರಾಟೆಸ್ಟಂಟ್ ಸ್ಮಶಾನ, ಆಮೇಲೆ ಗುಯಾ ಗುಡ್ಡ. ಅಲ್ಲಿ 1865ರ ದೀಪಸ್ತಂಭ ಇದೆ.

ಭಾಷೆಯ ಹೆಸರು ಪಟುವಾ. ಬುಡ ಪೋರ್ಚುಗೀಸ್. ಮಲಯ, ಕೊಂಕಣಿ, ಸಿಂಹಳ, ಕ್ಯಾಂಟನೀಸ್ ಎಲ್ಲ ಬೆರೆತಿದೆ. ಶಾಲೆಯಲ್ಲಿ ಅಚ್ಚ ಪೋರ್ಚುಗೀಸ್ ಕಲಿಸುವಾಗ ಪಟುವಾ ಆಡಿದ ಮಕ್ಕಳನ್ನು ಗದರುತ್ತಿದ್ದರು. ಮನೆಯಲ್ಲಿ ಅಜ್ಜಿಯರು ಉಳಿಸಿಕೊಂಡರು. ಜೋಸೆ ದೋಸ್ ಸಾಂತೋಸ್ ಫೆರೇರಾ ಅನ್ನುವ ಕವಿ ಅದರಲ್ಲೇ ಬರೆದರು. 1993ರಲ್ಲಿ ತೀರಿಕೊಂಡರು. 2009ರಲ್ಲಿ ಯುನೆಸ್ಕೋ ಇದನ್ನು ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಸೇರಿಸಿತು. ಬೀದಿಯಲ್ಲಿ ಕೇಳಲು ಸಿಗುವುದಿಲ್ಲ. ಆದರೆ 1993ರಲ್ಲೇ ಹುಟ್ಟಿದ ದೊಸಿ ಪಾಪಿಯಾಸಾಂ ದಿ ಮಕಾವ್ ಅನ್ನುವ ನಾಟಕ ತಂಡ ಇದೆ. ಮಿಗೆಲ್ ದೆ ಸೆನ್ನಾ ಫರ್ನಾಂಡಿಸ್ ಅನ್ನುವ ವಕೀಲರು ನಾಟಕ ಬರೆದು ಆಡಿಸುತ್ತಾರೆ. ಊರಿನ ಬಾಡಿಗೆ, ಟ್ರಾಫಿಕ್, ಅಧಿಕಾರಿಗಳು, ಎಲ್ಲರನ್ನೂ ಹಾಸ್ಯ ಮಾಡುತ್ತಾರೆ. ಪರದೆಯ ಮೇಲೆ ಚೀನೀ, ಪೋರ್ಚುಗೀಸ್, ಇಂಗ್ಲಿಷ್ ಸಾಲುಗಳು ಬರುತ್ತವೆ. ಹೊಸ ಹುಡುಗ ಹುಡುಗಿಯರು ಮಾತು ಕಲಿತು ವೇದಿಕೆ ಹತ್ತುತ್ತಿದ್ದಾರೆ. ಅದನ್ನು ನೋಡಿದರೆ ನನಗೆ ತುಂಬಾ ಸಂತೋಷವಾಗುತ್ತದೆ.

ಸಾಮಾನ್ಯವಾಗಿ ಮೇ ತಿಂಗಳ ಕಲಾ ಉತ್ಸವದಲ್ಲಿ ಆಡುತ್ತಾರೆ. ನಿಮ್ಮ ಪ್ರಯಾಣದ ಸಮಯಕ್ಕೆ ಕೂಡಿ ಬಂದರೆ ಟಿಕೆಟ್ ಮೊದಲೇ ತೆಗೆದುಕೊಳ್ಳಿ, ಬೇಗ ಮುಗಿಯುತ್ತದೆ. ಮಿಂಚಿ ಮಾಡುವ ಚಿಕ್ಕ ಹೋಟೆಲ್‌ಗಳೂ ಭಾನುವಾರ ಮಧ್ಯಾಹ್ನ ತುಂಬಿರುತ್ತವೆ. ಹನ್ನೆರಡಕ್ಕೆ ಮುಂಚೆ ಹೋಗಿ ಕೂತುಬಿಡಿ.